ಉಸಿರಿನ ಶುಶ್ರೂಷೆ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಸಂಬಳದ ಮಾತನ್ನೂ ರಜೆಯ ಮಾತನ್ನೂ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾವು ಉಸಿರಿನ ಮಾತನ್ನು ಆಡಬೇಕೆಂದು ನಿಂತಿದ್ದೇವೆ. ಸಂಬಳ ತಿಂಗಳಿಗೊಮ್ಮೆ ಬಂದರೆ ಸಾಕು. ಉಸಿರು ನಿಮಿಷಕ್ಕೆ ಹತ್ತು ಹದಿನೈದು ಸಲ ಬರಬೇಕು. ಸರಿಯಾಗಿ ಬರುತ್ತಿರುವ ತನಕ ಅದರ ನೆನಪು ಯಾರಿಗೂ ಆಗುವುದಿಲ್ಲ. ತಡೆದ ದಿನ ಬೇರೆ ಯಾವುದರ ನೆನಪೂ ಉಳಿಯುವುದಿಲ್ಲ.

ನಾವು ವೈದ್ಯರಲ್ಲ, ದಾದಿಯರ ತರಬೇತಿ ಪಡೆದವರೂ ಅಲ್ಲ. ಕಾಯಿಲೆ ಬಿದ್ದ ಸದಸ್ಯರ ಖೋಲಿಗೆ ಹೋಗಿ ವಿಚಾರಿಸಿ ಬರುವ ಕೆಲಸವನ್ನು ಸಂಘವು ನಮಗೆ ಒಪ್ಪಿಸಿದೆ. ಹಾಗೆ ಹೋದಾಗ ನಮ್ಮ ಕಣ್ಣಿಗೆ ಬೀಳುವವರಲ್ಲಿ ಎದೆಯ ರೋಗದವರೇ ಬಹಳ. ಜ್ವರ ಬಂದು ನಾಲ್ಕು ದಿನಕ್ಕೆ ಏಳುವ ಕಾಯಿಲೆಯಲ್ಲ ಅದು. ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ. ವೈದ್ಯರು ಅವರನ್ನು ನೋಡುವುದು ತಿಂಗಳಿಗೆ ಐದು ನಿಮಿಷ. ಉಳಿದ ಕಾಲವೆಲ್ಲ ಆ ಉಸಿರನ್ನು ನೋಡಿಕೊಳ್ಳಬೇಕಾದವರು ಯಾರು? ಹೆಂಡತಿ, ಮಗಳು, ಖೋಲಿಯ ಜೊತೆಗಾರ, ಪಕ್ಕದ ಹಾಸಿಗೆಯವ, ಅಂದರೆ ನಾವೇ. ಆದುದರಿಂದ ಈ ಶುಶ್ರೂಷೆಯ ಕೆಲವು ಸಂಗತಿಗಳನ್ನು ನಾವೆಲ್ಲರೂ ತಿಳಿದಿರಬೇಕಾದುದು ಅವಶ್ಯ.

ನಮ್ಮ ಎರಡು ಕಸುಬುಗಳನ್ನು ನೋಡಿರಿ. ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಕಾವಸಜಿ ದಾವರರು 1854ರಲ್ಲಿ ಸ್ಥಾಪಿಸಿದರು. ಅಲ್ಲಿಂದ ಮುಂದೆ ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಈ ನಗರದ ಗಿರಣಿಗಳ ಒಳಗೆ ಹತ್ತಿಯ ನಾರು ಹಾರಾಡಿತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಆ ಮೇಲೆ ಪರೇಲು, ಲಾಲಬಾಗು, ವರಳಿಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅನೇಕ ಗಿರಣಿಗಳ ಜಾಗದಲ್ಲಿ ಇಂದು ಗಗನಚುಂಬಿ ಕಟ್ಟಡಗಳಿವೆ. ಗಿರಣಿ ಹೋಯಿತು, ಅದರ ಧೂಳನ್ನು ಕುಡಿದ ಎದೆಗಳು ಇನ್ನೂ ನಮ್ಮ ನಡುವೆ ಇವೆ. ಅಂದು ಇಪ್ಪತ್ತೈದರ ತರುಣರಾಗಿದ್ದವರು ಇಂದು ಎಪ್ಪತ್ತರ ಹತ್ತಿರದ ಮುದುಕರು. ಮೆಟ್ಟಿಲ ನಡುವೆ ನಿಂತು ಕಠಡೆ ಹಿಡಿದುಕೊಳ್ಳುವವರಲ್ಲಿ ಅವರೂ ಇದ್ದಾರೆ.

ಇನ್ನು ಹೋಟೆಲಿನ ಬಾಳು ಹೊಗೆಯ ಬಾಳು. ಕಟ್ಟಿಗೆಯ ಒಲೆ, ಇದ್ದಿಲಿನ ಭಟ್ಟಿ, ಕಾದ ಎಣ್ಣೆಯ ಆವಿ, ಒಗ್ಗರಣೆಯ ಘಾಟು, ಕಿಟಕಿಯಿಲ್ಲದ ಅಡಿಗೆಮನೆ. ಇವುಗಳ ನಡುವೆ ಬಾಲ್ಯದಿಂದ ದುಡಿದವರು ನಮ್ಮಲ್ಲಿ ಬಹಳ ಮಂದಿ. ದೀರ್ಘಕಾಲ ಹೊಗೆ ಕುಡಿದರೆ ಉಸಿರಿನ ನಾಳಗಳು ಕಿರಿದಾಗುತ್ತವೆ, ಪುಪ್ಪುಸದ ಸಣ್ಣ ಚೀಲಗಳು ಸಡಿಲವಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿಯಾಗಿ ಹೊರಗೆ ಬರುವುದಿಲ್ಲ. ಇದು ಬೀಡಿ ಸೇದುವವರ ರೋಗವೆಂದೇ ಎಲ್ಲರ ಭಾವನೆ. ಬೀಡಿಯು ದೊಡ್ಡ ಕಾರಣವೆಂಬುದೇನೋ ನಿಜ. ಆದರೆ ಜನ್ಮದಲ್ಲಿ ಬೀಡಿ ಮುಟ್ಟದವನಿಗೂ ಒಲೆಯ ಹೊಗೆಯಿಂದ ಇದೇ ರೋಗ ಬರುವುದುಂಟು. ಊರಲ್ಲಿ ಒಲೆ ಊದಿದ ನಮ್ಮ ತಾಯಂದಿರಿಗೂ ಬಂದಿದೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ಈ ಶುಶ್ರೂಷೆಯ ಮೊದಲ ಹೆಜ್ಜೆ ಯಾವುದು? ಔಷಧಿಯಲ್ಲ, ಯಂತ್ರವಲ್ಲ. ರೋಗಿಯ ಮಾತನ್ನು ನಂಬುವುದು. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಎರಡು ಉದಾಹರಣೆಗಳನ್ನು ಕೊಡುತ್ತೇವೆ.

ಹತ್ತಿಯ ಧೂಳಿನಿಂದ ಬರುವ ರೋಗಕ್ಕೆ ಬಿಸ್ಸಿನೋಸಿಸ್ ಎಂದು ಹೆಸರು. ಬೇಲು ಬಿಚ್ಚಿ ಹತ್ತಿಯನ್ನು ಹಿಂಜುವ, ಕಾರ್ಡಿಂಗ್ ಮಾಡುವ ಖಾತೆಗಳಲ್ಲಿ ಧೂಳು ಹೆಚ್ಚು. ರೋಗವೂ ಅಲ್ಲೇ ಹೆಚ್ಚು. ಅದರ ಲಕ್ಷಣವೇ ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲನೆಯ ದಿನ, ಕೆಲವು ತಾಸುಗಳಲ್ಲಿ ಎದೆ ಬಿಗಿಯುತ್ತದೆ. ಮರುದಿನ ಸಡಿಲುತ್ತದೆ. ಕೆಲವು ವರ್ಷಗಳ ಮೇಲೆ ಎರಡನೆಯ ದಿನವೂ ಬಿಗಿ, ಮತ್ತೆ ವಾರವೆಲ್ಲ ಬಿಗಿ; ಕೊನೆಗೆ ಗಿರಣಿ ಬಿಟ್ಟರೂ ಅದು ಬಿಡುವುದಿಲ್ಲ. ಈ ರೋಗಕ್ಕೆಂದೇ ಪ್ರತ್ಯೇಕವಾದ ಗುರುತು ಕ್ಷಕಿರಣದ ಚಿತ್ರದಲ್ಲಿ ಕಾಣುವುದಿಲ್ಲ. ರಜೆಯ ಮರುದಿನ ಎದೆ ಹಿಡಿಯುತ್ತದೆ ಎಂದರೆ ಕೇಳಿದವರಿಗೆ ಮೈಗಳ್ಳನ ನೆಪದಂತೆ ತೋರಬಹುದು, ಅಲ್ಲವೇ? 1950ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವೈದ್ಯರು ಇದನ್ನು ಅಭ್ಯಸಿಸಿದರು. ಅವರು ರೋಗದ ಮೆಟ್ಟಿಲುಗಳನ್ನು ಗುರುತಿಸಿದುದು ಯಂತ್ರದಿಂದಲ್ಲ, ಕೆಲಸಗಾರರನ್ನು ಕೇಳಿ. ವಾರದ ಮೊದಲ ದಿನ ಎದೆ ಬಿಗಿಯುತ್ತದೆಯೇ, ಎಂದಾದರೊಮ್ಮೆಯೋ ಪ್ರತಿ ವಾರವೋ, ಬೇರೆ ದಿನಗಳಲ್ಲಿಯೂ ಉಂಟೋ? ಕೆಲಸಗಾರರ ಉತ್ತರಗಳೇ ವೈದ್ಯಶಾಸ್ತ್ರದ ಅಳತೆಗೋಲಾದವು.

ಎರಡನೆಯ ಉದಾಹರಣೆ ನಮ್ಮ ನಾಡಿನದೇ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ವಿಚಾರಿಸಿ, ತಾವು ಕಂಡುದನ್ನು 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ತಿಳಿವಳಿಕೆಯಿಲ್ಲದವರು, ರೋಗ ಬಂದರೂ ಅರಿಯರು ಎಂದು ಪೇಟೆಯವರು ಭಾವಿಸುವುದುಂಟು. ಅವರು ಕಂಡುದು ಬೇರೆ. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಚಿಂತೆಯೂ ಇತ್ತು. ಅರ್ಧದಷ್ಟು ಮಂದಿ ದವಾಖಾನೆಗೆ ಹೋಗಿಯೂ ಬಂದಿದ್ದರು. ಹೋದವರಿಗೆ ಕಫ ಪರೀಕ್ಷೆಯಾಗದೆ ಕೆಮ್ಮಿನ ನೀರಿನ ಸೀಸೆ ದೊರೆತು ಹಿಂದೆ ಬಂದುದೇ ಸಾಮಾನ್ಯ. ದೋಷವು ರೋಗಿಯ ಅಜ್ಞಾನದಲ್ಲಿರಲಿಲ್ಲ, ಕೇಳುವವರ ಕಿವಿಯಲ್ಲಿತ್ತು. 1962ರಲ್ಲಿ ಬಂದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು, ಕೆಮ್ಮೆಂದು ತಾನಾಗಿ ಬಂದವನ ಕಫವನ್ನು ಹತ್ತಿರದ ದವಾಖಾನೆಯಲ್ಲೇ ಪರೀಕ್ಷಿಸಬೇಕೆಂಬ ತತ್ವದ ಮೇಲೆ ನಿಂತಿತು.

ಬಂಧುಗಳೆ, ಆ ಕಿವಿಯ ದೋಷ ನಮ್ಮಲ್ಲಿಯೂ ಇದೆ. ಉಸಿರಿನ ರೋಗಿಗೆ ಗಾಯ ಕಾಣುವುದಿಲ್ಲ, ಪಟ್ಟಿ ಕಟ್ಟಿರುವುದಿಲ್ಲ. ಕುಳಿತಾಗ ಚೆನ್ನಾಗಿಯೇ ಇರುತ್ತಾನೆ. ಎದ್ದು ಹತ್ತು ಹೆಜ್ಜೆ ಹೋದರೆ ಏದುಸಿರು. ನೋಡಿದವರು ಸೋಮಾರಿಯೆನ್ನುತ್ತಾರೆ. ಮಾತು ತಪ್ಪಿಸಲು ಅವನು ಹೊರಗೆ ಹೋಗುವುದನ್ನೇ ಬಿಡುತ್ತಾನೆ. ಮದುವೆಗೆ ಕರೆದರೆ ನೆಪ ಹೇಳುತ್ತಾನೆ. ಯಕ್ಷಗಾನವೆಂದರೆ ಪ್ರಾಣ ಬಿಡುತ್ತಿದ್ದವನು ಆಟಕ್ಕೆ ಬರುವುದಿಲ್ಲ. ಚಾಳಿನ ಪಡಸಾಲೆಯ ಕೊನೆಯಲ್ಲಿರುವ ಸಂಡಾಸಿಗೆ ಹೋಗಿಬರುವುದೇ ಒಂದು ಯಾತ್ರೆ. ಹೊಟ್ಟೆ ತುಂಬ ಉಂಡರೆ ಉಸಿರು ಕಟ್ಟುತ್ತದೆಂದು ಊಟ ಕಡಿಮೆ ಮಾಡಿ ಸೊರಗುತ್ತಾನೆ. ಮಲಗಿದರೆ ಕೆಮ್ಮು, ಆದುದರಿಂದ ಗೋಡೆಗೆ ಒರಗಿ ರಾತ್ರಿ ಕಳೆಯುತ್ತಾನೆ. ತನ್ನ ಕೆಮ್ಮಿನಿಂದ ಖೋಲಿಯ ಏಳೆಂಟು ಮಂದಿಯ ನಿದ್ದೆ ಕೆಡುತ್ತದಲ್ಲಾ ಎಂಬ ನಾಚಿಕೆ ಬೇರೆ. ಹೋಟೆಲಿನಲ್ಲಿರುವವನು ಕೆಮ್ಮನ್ನು ಅದುಮಿ ಹಿಡಿಯುತ್ತಾನೆ, ಗಿರಾಕಿಗಳ ಎದುರು ಕೆಮ್ಮಿದರೆ ಕೆಲಸ ಹೋದೀತೆಂದು. ಕೊನೆಗೊಂದು ದಿನ ಯಾರಿಗೂ ಹೇಳದೆ ಗಂಟು ಕಟ್ಟಿ ಊರಿನ ಬಸ್ಸು ಹತ್ತುತ್ತಾನೆ. ಹೀಗೆ ಹೋದವರು ಎಷ್ಟು ಮಂದಿಯೋ! ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ.

ಆಸ್ಪತ್ರೆಯಲ್ಲಿದ್ದರೆ ಮಾತ್ರ ಎದೆಯ ರೋಗ ಗುಣವಾದೀತು, ಖೋಲಿಯಲ್ಲಿ ಏನಾದೀತು ಎಂದು ಕೆಲವರು ಕೇಳಬಹುದು. ಇದಕ್ಕೆ ಮದ್ರಾಸು ಉತ್ತರ ಕೊಟ್ಟಿದೆ. 1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಕೇಂದ್ರವು ಸ್ಥಾಪನೆಯಾಯಿತು. ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯಧಾಮದಲ್ಲಿ ಹಾಸಿಗೆ, ಒಳ್ಳೆಯ ಆಹಾರ, ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಇದ್ದು ಅದೇ ಮಾತ್ರೆಗಳನ್ನು ಒಂದು ವರ್ಷ ತೆಗೆದುಕೊಂಡಿತು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣ ಹೊಂದಿದ್ದರು. ಜೊತೆಗಿದ್ದ ಮನೆಯವರಿಗೆ ರೋಗ ತಗಲುವುದೂ ಅದರಿಂದ ಹೆಚ್ಚಿರಲಿಲ್ಲ. ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಅದು ತಿರುಗಿಸಿತು. ಆದರೆ ಒಂದು ಮಾತನ್ನು ಮರೆಯಕೂಡದು. ಆ ಮನೆಗಳ ಬಾಗಿಲಿಗೆ ಆರೋಗ್ಯ ಸಂದರ್ಶಕರು ಹೋಗುತ್ತಿದ್ದರು. ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು, ಕಷ್ಟ ಕೇಳುತ್ತಿದ್ದರು. ರೋಗಿಯನ್ನು ಮನೆಯಲ್ಲಿ ಬಿಟ್ಟಿದ್ದರೇ ಹೊರತು ಕೈಬಿಟ್ಟಿರಲಿಲ್ಲ. ಖೋಲಿಯಲ್ಲಿ ಶುಶ್ರೂಷೆ ಸಾಧ್ಯ, ಬಾಗಿಲು ತಟ್ಟುವವರಿದ್ದರೆ.

ಇನ್ನು ಖೋಲಿಯಲ್ಲಿ ನಾವು ಮಾಡಬಹುದಾದುದೇನು? ಆಸ್ಪತ್ರೆಯ ದಾದಿಯರಿಂದ ಕೇಳಿ ಕಲಿತುದನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಗಾಳಿ. ಶುಶ್ರೂಷಾವೃತ್ತಿಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲರು 1859ರ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನು ಗಾಳಿಯಾಟಕ್ಕೇ ಮೀಸಲಿಟ್ಟರು. ರೋಗಿಯ ಹಾಸಿಗೆ ಕಿಟಕಿಯ ಹತ್ತಿರವಿರಲಿ, ಒಲೆಯ ಹತ್ತಿರ ಬೇಡ. ಊದಿನಕಡ್ಡಿ, ಸೊಳ್ಳೆಯ ಸುರುಳಿ, ಬೀಡಿ ಆ ಖೋಲಿಯಲ್ಲಿ ಬೇಡ. ಉಬ್ಬಸ ಬಂದಾಗ ಸುತ್ತ ಮುತ್ತಿಕೊಳ್ಳಬೇಡಿರಿ. ಮುಖದ ಮೇಲೆ ಬೀಸಣಿಗೆಯಿಂದ ಗಾಳಿ ಹಾಕಿರಿ. ಕೆನ್ನೆಗೆ ತಂಪು ತಗಲಿದರೆ ಏದುಸಿರಿನ ಸಂಕಟ ಕಡಿಮೆಯಾಗುವುದೆಂದು ಪರೀಕ್ಷೆಗಳಿಂದಲೂ ತಿಳಿದಿದೆ.

ಎರಡನೆಯದು ಕುಳಿತುಕೊಳ್ಳುವ ರೀತಿ. ಉಬ್ಬಸ ಬಂದವನನ್ನು ಮಲಗಿಸಕೂಡದು. ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಊರಿ ಕುಳಿತರೆ ಎದೆಯ ಸ್ನಾಯುಗಳಿಗೆ ಆಧಾರ ಸಿಗುತ್ತದೆ. ಮೇಜಿಲ್ಲದಿದ್ದರೆ ಮಡಿಚಿದ ಹಾಸಿಗೆ ಸಾಕು.

ಮೂರನೆಯದು ಉಸಿರು ಬಿಡುವ ರೀತಿ. ಇಂಥ ರೋಗಿಗೆ ಕಷ್ಟವಿರುವುದು ಗಾಳಿಯನ್ನು ಹೊರಗೆ ಬಿಡುವುದರಲ್ಲಿ. ಮೂಗಿನಿಂದ ಒಂದು ಎರಡು ಎಣಿಸುವಷ್ಟು ಹೊತ್ತು ಎಳೆದು, ತುಟಿಗಳನ್ನು ಕೊಳಲೂದುವವನ ಹಾಗೆ ಕಿರಿದು ಮಾಡಿ, ಒಂದರಿಂದ ನಾಲ್ಕು ಎಣಿಸುವಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ಒತ್ತಾಯದಿಂದ ಊದಬಾರದು. ಸುಖವಾಗಿರುವಾಗಲೇ ಇದನ್ನು ಅಭ್ಯಾಸ ಮಾಡಿದರೆ ಕಷ್ಟದಲ್ಲಿ ತಾನಾಗಿ ಬರುತ್ತದೆ. ಪಕ್ಕದಲ್ಲಿ ಕುಳಿತವರು ತಾವೂ ಹಾಗೆಯೇ ಉಸಿರಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಭಯದಿಂದ ಉಸಿರು ಚುರುಕಾಗುತ್ತದೆ, ಚುರುಕಾದಷ್ಟೂ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡಷ್ಟೂ ಭಯ. ಈ ಗಾಣವನ್ನು ನಿಲ್ಲಿಸಲು ಧೈರ್ಯವಂತನೊಬ್ಬ ಹತ್ತಿರ ಸುಮ್ಮನೆ ಕುಳಿತಿದ್ದರೂ ಸಾಕು.

ನಾಲ್ಕನೆಯದು ಮಾತು. ಉಸಿರು ಸಾಲದವನಿಗೆ ಮಾತೂ ಒಂದು ದುಡಿಮೆ. "ಹೇಗಿದ್ದೀರಿ, ಏನಾಯಿತು, ಯಾವಾಗಿನಿಂದ" ಎಂದು ಒಂದೇ ಸಮನೆ ಕೇಳಬೇಡಿರಿ. ತಲೆಯಾಡಿಸಿ ಉತ್ತರ ಕೊಡಬಹುದಾದಂಥ ಪ್ರಶ್ನೆ ಕೇಳಿರಿ. ಮೇಲೆ ನಿಂತು ಕೇಳದೆ, ಪಕ್ಕದಲ್ಲಿ ಕುಳಿತು ಕೇಳಿರಿ.

ಐದನೆಯದು ದಿನಚರಿ. ಸ್ನಾನಕ್ಕೆ ಮಣೆಯೋ ಸ್ಟೂಲೋ ಕೊಡಿರಿ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿರಿ. ಬೇಳೆ, ಮೊಟ್ಟೆ, ಮೀನು, ಹಾಲು, ಯಾರಿಗೆ ಯಾವುದು ಸಲ್ಲುವುದೋ ಅದು. ಮೆಟ್ಟಿಲು ಹತ್ತುವಾಗ ಹೆಜ್ಜೆ ಎತ್ತುತ್ತ ಉಸಿರು ಬಿಡಬೇಕು. ಇನ್ನೊಂದು ಮುಖ್ಯ ಮಾತು: ಪ್ರೀತಿಯಿಂದಲೇ ಆದರೂ ರೋಗಿಯನ್ನು ಇಡೀ ದಿನ ಕೂರಿಸಿಡಬೇಡಿರಿ. ಕೂತಷ್ಟೂ ಕಾಲಿನ ಶಕ್ತಿ ಕುಂದುತ್ತದೆ, ಕುಂದಿದ ಕಾಲು ಹೆಚ್ಚು ಉಸಿರು ಬೇಡುತ್ತದೆ. ವೈದ್ಯರನ್ನು ಕೇಳಿ, ದಿನವೂ ಇಷ್ಟಿಷ್ಟು ನಡೆಸಬೇಕು. ನಡೆವಾಗ ಸ್ವಲ್ಪ ಏದುಸಿರು ಬಂದರೆ ಅದರಿಂದ ಹಾನಿಯಿಲ್ಲ. ನಿಂತು ಸುಧಾರಿಸಿಕೊಂಡು ಮತ್ತೆ ನಡೆಯಬಹುದು.

ಔಷಧಿಯ ವಿಷಯ. ಸೇದುವ ಔಷಧಿ, ಅಂದರೆ ಇನ್‌ಹೇಲರ್ ಎಂದೊಡನೆ ನಮ್ಮವರು ಹೆದರುತ್ತಾರೆ. ಒಮ್ಮೆ ಹಿಡಿದರೆ ಚಟವಾದೀತು ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ. ಮಾತ್ರೆ ಇಡೀ ಮೈಯನ್ನು ಸುತ್ತಿ ಬರುತ್ತದೆ. ಇದು ಸ್ವಲ್ಪವೇ ಪ್ರಮಾಣದಲ್ಲಿ ನೇರವಾಗಿ ಎದೆಗೆ ಹೋಗುತ್ತದೆ. ಆದರೆ ಹಿಡಿಯುವ ರೀತಿ ತಪ್ಪಿದರೆ ಔಷಧಿಯೆಲ್ಲ ಗಂಟಲಲ್ಲೇ ಉಳಿಯುವುದು. ಸ್ಪೇಸರ್ ಎಂಬ ಕೊಳವೆ ಜೋಡಿಸಿಕೊಂಡರೆ ಸುಲಭ. ಆಸ್ಪತ್ರೆಗೆ ಹೋದಾಗಲೆಲ್ಲ ದಾದಿಯ ಎದುರಿಗೇ ಒಮ್ಮೆ ಸೇದಿ ತೋರಿಸಿ ಸರಿಯೇ ಎಂದು ಕೇಳಿರಿ. ತಕ್ಷಣದ ಉಪಶಮನಕ್ಕೆ ಒಂದು, ದಿನವೂ ತಪ್ಪದೆ ಸೇದಲು ಇನ್ನೊಂದು ಇರುತ್ತದೆ. ಆರಾಮವಾಯಿತೆಂದು ಎರಡನೆಯದನ್ನು ನಿಲ್ಲಿಸಬಾರದು. ಸ್ಟೀರಾಯ್ಡ್ ಇರುವುದನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಆಮ್ಲಜನಕದ ವಿಷಯ. 2020ರ ಕೊರೋನಾ ಕಾಲದಿಂದ ಬೆರಳಿಗೆ ಸಿಕ್ಕಿಸುವ ಅಳತೆಯ ಯಂತ್ರವೂ ಆಮ್ಲಜನಕದ ಹೆಸರೂ ಮನೆಮಾತಾಗಿವೆ. ರಕ್ತದಲ್ಲಿ ಆಮ್ಲಜನಕ ಸದಾ ಬಹಳ ಕಡಿಮೆಯಿರುವ ರೋಗಿಗಳು ದಿನಕ್ಕೆ 15 ತಾಸಾದರೂ ಅದನ್ನು ತೆಗೆದುಕೊಂಡರೆ ಆಯುಷ್ಯ ಹೆಚ್ಚುವುದೆಂದು 1980 ಮತ್ತು 1981ರಲ್ಲಿ ಅಮೆರಿಕೆ, ಬ್ರಿಟನ್ನುಗಳಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿಯಿತು. ಆದರೆ ಏದುಸಿರು ಬಂದವರಿಗೆಲ್ಲ ಅದು ಬೇಕಾಗಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬುದೂ ಇಲ್ಲ. ಈ ರೋಗದ ಕೆಲವರಲ್ಲಿ ಆಮ್ಲಜನಕ ಅತಿಯಾದರೆ ಕೆಟ್ಟ ಗಾಳಿ ರಕ್ತದಲ್ಲಿ ತುಂಬಿ ಮಂಪರು ಕವಿಯುತ್ತದೆ. ಅಂಥವರಿಗೆ ವೈದ್ಯರು 88ರಿಂದ 92ರ ಅಂಕವೇ ಸಾಕೆನ್ನುತ್ತಾರೆ. ಆದುದರಿಂದ ಕೊಟ್ಟ ಪ್ರಮಾಣವನ್ನು ನಾವಾಗಿ ತಿರುಗಿಸಬಾರದು. ಆ ಯಂತ್ರವಿರುವ ಖೋಲಿಯಲ್ಲಿ ಒಲೆ, ದೀಪ, ಬೀಡಿಯ ಕಿಡಿ ಹತ್ತಿರ ಬರಕೂಡದು.

ಯಾವಾಗ ಓಡಬೇಕು? ಒಂದು ವಾಕ್ಯವನ್ನು ಪೂರ್ತಿ ಆಡಲಾಗದಾಗ, ತುಟಿ ನೀಲಿಯಾದಾಗ, ರೋಗಿ ಮಂಕಾಗಿ ತೂಕಡಿಸಿದಾಗ, ಕಫದಲ್ಲಿ ರಕ್ತ ಕಂಡಾಗ ಕಾಯಬಾರದು. 108ಕ್ಕೆ ಫೋನು ಮಾಡಿರಿ, ಇಲ್ಲವೇ ಟ್ಯಾಕ್ಸಿ ಹಿಡಿಯಿರಿ. ಕಫ ಹೆಚ್ಚಾಗಿ ಹಳದಿ ಹಸಿರಾದರೆ, ಕಾಲು ಬಾತರೆ, ಅದೇ ದಿನ ವೈದ್ಯರಿಗೆ ತೋರಿಸಿರಿ.

ಕ್ಷಯ ಗುಣವಾದವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಇಂದು ಸರಕಾರಿ ದವಾಖಾನೆಯಲ್ಲಿ ಕ್ಷಯದ ಔಷಧಿ ಉಚಿತ; ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಇದು ರೋಗಿಯ ಹಕ್ಕು. ಕೇಳಲು ಸಂಕೋಚ ಬೇಡ. ಆದರೆ ಕ್ರಿಮಿ ಸತ್ತ ಮೇಲೂ ಎದೆಯಲ್ಲಿ ಕಲೆ ಉಳಿಯುತ್ತದೆ. ಕೆಲವರಿಗೆ ಅದರಿಂದ ಏದುಸಿರು, ಕೆಮ್ಮು ವರ್ಷಗಟ್ಟಲೆ ಇರುತ್ತವೆ. ಗುಣವಾಯಿತೆಂದು ಕಾಗದ ಕೊಟ್ಟ ಮೇಲೆ ಅವರ ಕಡೆ ನೋಡುವವರಿಲ್ಲ. ಖೋಲಿಯವರಾದರೋ ಕೆಮ್ಮು ಕೇಳಿ ತಟ್ಟೆ ಲೋಟ ಬೇರೆ ಮಾಡುತ್ತಾರೆ. ಕಫ ಪರೀಕ್ಷೆಯಲ್ಲಿ ಕ್ರಿಮಿಯಿಲ್ಲವೆಂದಾದವನಿಂದ ರೋಗ ಹರಡದು. ಅವನಿಗೂ ಎದೆಯ ವೈದ್ಯರ ಶುಶ್ರೂಷೆ ಬೇಕು. ಕೆಮ್ಮು ಹೆಚ್ಚಿದರೆ ಮತ್ತೊಮ್ಮೆ ಪರೀಕ್ಷೆಯಾಗಬೇಕು.

ಕೊನೆಯದಾಗಿ ಸಂಘದ ಕರ್ತವ್ಯದ ಬಗ್ಗೆ ಎರಡು ಮಾತು. ಹತ್ತಿಯ ಧೂಳಿನ ರೋಗವನ್ನು ಈ ದೇಶದ ಕಾನೂನು ಕಸುಬಿನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ರೋಗಿಯ ಕೇಸು ಕಾಗದದಲ್ಲಿ ಅವನ ಕಸುಬಿನ ಹೆಸರು ಬರಬೇಕು. ಯಾವ ಗಿರಣಿ, ಯಾವ ಖಾತೆ, ಎಷ್ಟು ವರ್ಷ ಎಂಬುದನ್ನು ವೈದ್ಯರಿಗೆ ಕೇಳದಿದ್ದರೂ ಹೇಳಿ ಬರೆಯಿಸಿರಿ. ಹೋಟೆಲಿನವರೂ ಹಾಗೆಯೇ: ಭಟ್ಟಿಯ ಮುಂದೆ ಎಷ್ಟು ವರ್ಷ ಎಂಬುದು ಕಾಗದದಲ್ಲಿರಲಿ. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಹೊಗೆ ಕಡಿಮೆಯಿರುವ ಇಂಧನಕ್ಕೆ ಬದಲಾಗಬೇಕೆಂದು ಆದೇಶ ಮಾಡಿತು. ನಗರದ ಗಾಳಿಗಾಗಿ ಬಂದ ಆದೇಶವದು. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹತ್ತಿರದಿಂದ ಕುಡಿಯುವವನು ಒಲೆಯ ಮುಂದಿನ ಕೆಲಸಗಾರ. ಹೊಗೆ ಹೊರಗೆ ಹೋಗುವ ಚಿಮಣಿ ಮತ್ತು ಪಂಖ ಅಡಿಗೆಮನೆಗೆ ಬೇಕೆಂದು ಸಂಘವು ಮಾಲಕರ ಮುಂದೆ ಸಂಬಳದ ಮಾತಿನಷ್ಟೇ ಗಟ್ಟಿಯಾಗಿ ಹೇಳಬೇಕು. ನಮ್ಮ ಮಾಲಕರಲ್ಲಿ ಅನೇಕರು ಅದೇ ಹೊಗೆಯಿಂದ ಮೇಲೆ ಬಂದವರು, ಹೇಳಿದರೆ ತಿಳಿಯದವರಲ್ಲ.

ಇನ್ನೊಂದು ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ಪ್ರತಿ ಚಾಳಿಗೆ, ಪ್ರತಿ ಹೋಟೆಲಿಗೆ ಇಬ್ಬರಂತೆ ಸದಸ್ಯರು ಮುಂದೆ ಬಂದು, ಎದೆಯ ರೋಗದವರನ್ನು ವಾರಕ್ಕೊಮ್ಮೆ ಕಂಡುಬರಬೇಕು. ಮಾಡಬೇಕಾದುದು ದೊಡ್ಡ ಕೆಲಸವಲ್ಲ. ಮಾತ್ರೆ ಮುಗಿಯಿತೇ ನೋಡುವುದು, ಆಸ್ಪತ್ರೆಯ ದಿನ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಮರಾಠಿ ಹಿಂದಿ ಬಾರದ ತಾಯಂದಿರ ಮಾತನ್ನು ದಾದಿಗೆ ತಿಳಿಸಿ ಹೇಳುವುದು, ಊರಿಗೆ ಹೊರಟವನ ಕೈಗೆ ಚಿಕಿತ್ಸೆಯ ಕಾಗದ ಕೊಟ್ಟು ಅಲ್ಲಿಯ ದವಾಖಾನೆಯ ವಿಳಾಸ ಹೇಳುವುದು. ಇಂದೇ ಹೆಸರು ಕೊಡುವವರಿಗಾಗಿ ಕಾರ್ಯದರ್ಶಿಗಳ ಮೇಜಿನ ಮೇಲೆ ಪುಸ್ತಕವಿಟ್ಟಿದ್ದೇವೆ.

ಒಬ್ಬ ಸದಸ್ಯ "ನನಗೆ ಉಸಿರು ಸಾಲದು" ಎಂದರೆ, ಅವನ ಮಾತನ್ನು ಮೊದಲು ನಂಬುವ ಜಾಗ ಈ ಸಂಘವಾಗಿರಲಿ ಎಂದು ಕೋರುತ್ತೇವೆ.